ಪಟ್ಟು ಬಿಡದವರ ಪರವಾಗಿ

ಕಳೆದ ಮಳೆಗಾಲದ ಒಂದು ಭಾನುವಾರ ನನ್ನ ಅಕ್ಕನ ಮಗ ಮಾದಾಪುರದ ಬಳಿಯ ಸಭಾಂಗಣವೊಂದರಿಂದ ಮಧ್ಯಾಹ್ನಕ್ಕೇ ಮನೆಗೆ ಮರಳಿದ. ಹೋಗುವಾಗ ರಾತ್ರಿ ಊಟಕ್ಕೆ ಕಾಯಬೇಡಿ ಎಂದು ಹೇಳಿ ಹೋಗಿದ್ದವನು. ರಾಯಚೂರಿನ ಹುಡುಗ, ಹೈಟೆಕ್ ಸಿಟಿಯ ಕಂಪನಿಯೊಂದರಲ್ಲಿ ಕೆಲಸ, ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ವಾಸ. ಬೆನ್ನಚೀಲವನ್ನು ಸೋಫಾದ ಮೇಲೆ ಒಗೆದು, "ಆಡಾಕ ಬಿಡ್ಲಿಲ್ಲ ಮಾಮಾ. ನನ್ನ ಪಟ್ಟು ನಡೆಯಂಗಿಲ್ಲಂತ" ಎಂದ. ನಾಲ್ಕು ತಿಂಗಳ ಕಾಲ ದಿನವೂ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಆ ಕೋಣೆಯಿಂದ ಕಂಟ್ರೋಲರಿನ ಗುಂಡಿಗಳ ಸದ್ದನ್ನು ಕೇಳಿದವನು ನಾನು. ಆದ್ದರಿಂದ ಅವನ ಆ ಒಂದು ಮಾತು ಎಷ್ಟು ತೂಕದ್ದೆಂಬುದು ನನಗೆ ಗೊತ್ತಿತ್ತು.

ಸಂಗತಿ ಇಷ್ಟು. ಅವನು ಆಡುವುದು ನಿಂಟೆಂಡೋ ಕಂಪನಿಯ ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್ ಎಂಬ ಕಾಳಗದ ಆಟ. 2018ರಲ್ಲಿ ಬಂದದ್ದು. ಅದರಲ್ಲಿ ಎಂಬತ್ತಕ್ಕೂ ಹೆಚ್ಚು ಪಾತ್ರಗಳಿವೆ. ಪ್ರತಿಯೊಂದು ಪಾತ್ರಕ್ಕೂ ನಾಲ್ಕು ವಿಶೇಷ ಪಟ್ಟುಗಳು. ಬಹುಪಾಲು ಪಾತ್ರಗಳಿಗೆ ಆ ನಾಲ್ಕು ಪಟ್ಟುಗಳು ಖಾಯಂ, ಆಯ್ಕೆಯಿಲ್ಲ. 'ಮೀ' ಎಂದು ಕರೆಯುವ ಮೂರು ಪಾತ್ರಗಳು ಮಾತ್ರ ಇದಕ್ಕೆ ಹೊರತು: ಒಬ್ಬ ಮಲ್ಲ, ಒಬ್ಬ ಖಡ್ಗಧಾರಿ, ಒಬ್ಬ ಬಂದೂಕುಧಾರಿ. ಇವರಿಗೆ ನಾಲ್ಕು ಸ್ಥಾನಗಳಲ್ಲಿ ಪ್ರತಿಯೊಂದಕ್ಕೂ ಮೂರು ಪಟ್ಟುಗಳಿದ್ದು, ಆಟಗಾರ ಪಂದ್ಯಕ್ಕೆ ಮುಂಚೆ ಒಂದೊಂದನ್ನು ಆರಿಸಿಕೊಳ್ಳುತ್ತಾನೆ. ಮೂರನ್ನು ನಾಲ್ಕು ಸಲ ಗುಣಿಸಿದರೆ 81 ಬಗೆಯ ಜೋಡಣೆ. ಮೊದಲ ಪಟ್ಟುಗಳನ್ನೇ ಹಾಗೆಯೇ ಇಟ್ಟುಕೊಂಡರೆ ಅದನ್ನು 1111 ಎಂದು ಬರೆಯುತ್ತಾರೆ. ನಮ್ಮ ಹುಡುಗನದು ಆ ಮಲ್ಲ. ಜೋಡಣೆ ಅವನೇ ಕಂಡುಕೊಂಡದ್ದು. ಅಂದು ಬೆಳಿಗ್ಗೆ ಬಾಗಿಲಲ್ಲಿ ಹೆಸರು ಬರೆಸುವಾಗ ಆಯೋಜಕರು ಹೇಳಿದ ನಿಯಮ: ಮೀ ಪಾತ್ರ ಆಡಬಹುದು, ಆದರೆ 1111 ಮಾತ್ರ. ಐಚ್ಛಿಕ ಪಟ್ಟುಗಳಿಗೆ ಪ್ರವೇಶವಿಲ್ಲ. ಕಾರಣ ಕೇಳಿದ್ದಕ್ಕೆ ಸಿಕ್ಕ ಉತ್ತರ, "ಎಲ್ಲರಿಗೂ ಸಮಾನವಾಗಿರಲಿ ಎಂದು."

ಈ ಬರಹ ಆ ಉತ್ತರದ ವಿರುದ್ಧ.

ಮಕ್ಕಳಾಟದ ವಿಷಯಕ್ಕೆ ಇಷ್ಟು ಗಂಭೀರವಾದ ಗದ್ಯ ಏಕೆಂದು ಕೇಳುವ ಓದುಗರು ನಮ್ಮ ಬಳಗದಲ್ಲಿದ್ದಾರೆ. ಅವರ ಮೇಲೆ ನನಗೆ ಗೌರವವೂ ಇದೆ. ಅವರಿಗೆ ಎರಡೇ ಮಾತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಕ್ರೀಡೆಯನ್ನು ಬಹುಕ್ರೀಡಾ ಕೂಟಗಳ ಭಾಗವೆಂದು ಮನ್ನಿಸಿ ಯುವಜನ ಮತ್ತು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರ್ ಐದನೆಯ ಆವೃತ್ತಿಗೆ ಪದಕವಿತ್ತು. ಭಾರತದ ಆಟಗಾರರು ಅದರಲ್ಲಿ ಆಡಿದರು. ಆಟ ದೊಡ್ಡದಾದಾಗ ನಿಯಮ ಬರೆಯುವವರ ಕೈಯೂ ದೊಡ್ಡದಾಗುತ್ತದೆ. ಸಭಾಂಗಣದ ಬಾಗಿಲಲ್ಲಿ ಇಂದು ಬಾಯಿಮಾತಾಗಿರುವುದು ನಾಳೆ ಅಚ್ಚಾದ ಕೈಪಿಡಿಯಾಗುತ್ತದೆ. ಆಗ ಹೇಳುವುದಕ್ಕಿಂತ ಈಗ ಹೇಳುವುದು ಲೇಸು.

'ಸಮಾನತೆ'ಯ ವಾದವನ್ನೇ ಮೊದಲು ತೆಗೆದುಕೊಳ್ಳೋಣ. ಅದರ ಪ್ರಾಮಾಣಿಕ ರೂಪ ಹೀಗಿದೆ: ಎಂಬತ್ತಕ್ಕೂ ಹೆಚ್ಚು ಪಾತ್ರಗಳಿಗೆ ಇಲ್ಲದ ಆಯ್ಕೆ ಮೂರು ಪಾತ್ರಗಳಿಗೆ ಮಾತ್ರ ಇರುವುದು ಪಕ್ಷಪಾತ, ಜೊತೆಗೆ ಎದುರಾಳಿ 81 ಜೋಡಣೆಗಳಿಗೂ ಸಿದ್ಧನಾಗಿ ಬರಬೇಕಾಗುತ್ತದೆ. ಕೇಳಲು ಸರಿಯೆನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಎದುರಾಳಿ ಕಲಿಯಬೇಕಾದದ್ದು ಜೋಡಣೆಗಳನ್ನಲ್ಲ, ಪಟ್ಟುಗಳನ್ನು. ಒಬ್ಬ ಮೀಗೆ ಹನ್ನೆರಡು ಪಟ್ಟುಗಳು. ಅದರಲ್ಲಿ ನಾಲ್ಕಕ್ಕೆ ಈಗಲೂ ಅನುಮತಿಯಿದೆ. ನಿಷೇಧಿಸಿದ್ದು ಎಂಟು. ಮೂವರಿಂದ 24. ಉಳಿದ ಎಂಬತ್ತು ಪಾತ್ರಗಳ ವಿಶೇಷ ಪಟ್ಟುಗಳೇ ಮುನ್ನೂರನ್ನು ಮೀರುತ್ತವೆ. ಅವನ್ನೆಲ್ಲ ಕಲಿತು ಬರುವುದು ಸ್ಪರ್ಧಿಯ ಕರ್ತವ್ಯವೆಂದು ಅದೇ ಆಯೋಜಕರು ಭಾವಿಸುತ್ತಾರೆ. ಮುನ್ನೂರು ಕಲಿಯಬಲ್ಲವನಿಗೆ ಇನ್ನೊಂದು ಇಪ್ಪತ್ನಾಲ್ಕು ಅನ್ಯಾಯವಾಗುವುದು ಹೇಗೆ? ಅಲ್ಲದೆ ಒಂದು ಪಂದ್ಯದಲ್ಲಿ ಅವನ ಎದುರು ನಿಲ್ಲುವುದು ನಾಲ್ಕೇ ಪಟ್ಟು, ಮಿಕ್ಕ ಯಾವ ಪಾತ್ರದ ಹಾಗೆಯೇ.

ಪಕ್ಷಪಾತದ ಮಾತೂ ಹಾಗೆಯೇ. ಕಾಳಗದ ಆಟದಲ್ಲಿ ಪಾತ್ರಗಳು ಒಂದರಂತೆ ಒಂದಿರುವುದಿಲ್ಲ. ಅದೇ ಅದರ ಜೀವಾಳ. ಒಬ್ಬನಿಗೆ ಉದ್ದ ಕತ್ತಿ, ಒಬ್ಬನಿಗೆ ರೆಕ್ಕೆ, ಇನ್ನೊಬ್ಬನಿಗೆ ದೂರದಿಂದ ಎಸೆಯುವ ಬೆಂಕಿ. ಮೀ ಪಾತ್ರಕ್ಕೆ ಕತ್ತಿಯ ಉದ್ದವೂ ಇಲ್ಲ, ರೆಕ್ಕೆಯೂ ಇಲ್ಲ. ಆಯ್ಕೆಯೇ ಅವನ ಗುಣ. ಆ ಗುಣವನ್ನು ಕಿತ್ತುಕೊಂಡು "ಪಾತ್ರಕ್ಕೆ ಅವಕಾಶ ಕೊಟ್ಟಿದ್ದೇವಲ್ಲ" ಎನ್ನುವುದು, ಊಟಕ್ಕೆ ಕರೆದು ಎಲೆ ಹಾಕಿ, ಉಪ್ಪು ಬಡಿಸಿ ಎಬ್ಬಿಸಿದ ಹಾಗೆ. ಇದಕ್ಕಿಂತ ಮೀ ಪಾತ್ರವನ್ನೇ ನಿಷೇಧಿಸಿದ್ದರೆ ನನ್ನ ಜಗಳ ಕಡಿಮೆಯಾಗುತ್ತಿತ್ತು. ಅದರಲ್ಲಿ ಕನಿಷ್ಠ ಸೋಗು ಇರುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ಅಪರಿಚಿತತೆಯದು: "ಯಾರೂ ಕಾಣದ ಪಟ್ಟು ಹಾಕಿ ಗೆದ್ದರೆ ಅದು ಗೆಲುವೇ?" ಗುಲಿಸ್ತಾನಿನಲ್ಲಿ ಸಾದಿ ಹೇಳಿದ ಒಂದು ಕತೆ ಈ ಊರಿಗೆ ಪಾರಸಿಯ ಜೊತೆಯಲ್ಲೇ ಬಂದು ನಿಂತದ್ದು. ಒಬ್ಬ ಉಸ್ತಾದನಿಗೆ 360 ಪಟ್ಟುಗಳು ಗೊತ್ತಿದ್ದವು. ಮೆಚ್ಚಿನ ಶಿಷ್ಯನಿಗೆ 359 ಕಲಿಸಿ ಒಂದನ್ನು ಉಳಿಸಿಕೊಂಡ. ಶಿಷ್ಯ ಬೆಳೆದು, ಗುರುವಿಗಿಂತ ತಾನೇನು ಕಡಿಮೆಯಲ್ಲವೆಂದು ರಾಜನ ಮುಂದೆ ಜಂಬ ಕೊಚ್ಚಿಕೊಂಡ. ರಾಜ ಇಬ್ಬರನ್ನೂ ಅಖಾಡಕ್ಕಿಳಿಸಿದ. ಗುರು ಉಳಿಸಿಕೊಂಡ ಆ ಒಂದು ಪಟ್ಟಿನಿಂದ ಶಿಷ್ಯನನ್ನು ಎತ್ತಿ ನೆಲಕ್ಕೆ ಹಾಕಿದ. ಶಿಷ್ಯನ ದೂರು ಏನು ಗೊತ್ತೆ? ಈ ಪಟ್ಟನ್ನು ನನಗೆ ಕಲಿಸಿರಲಿಲ್ಲ ಎಂದು. ರಾಜ ಬೈದದ್ದು ಶಿಷ್ಯನಿಗೆ, ಗುರುವಿಗಲ್ಲ. ಕತೆಯ ನೀತಿ ಬೇರೆ, ಅದನ್ನು ಬಿಡೋಣ. ನನಗೆ ಬೇಕಾದದ್ದು ಆ ದೂರಿನ ಸ್ವರ. ನಾನು ಕಲಿಯದ್ದನ್ನು ನೀನು ಬಳಸಬಾರದು ಎಂಬ ಸ್ವರವೇ ಅಂದು ಆ ಸಭಾಂಗಣದಲ್ಲೂ ಕೇಳಿದ್ದು. ವ್ಯತ್ಯಾಸವೆಂದರೆ, ಅಲ್ಲಿನ ಉಸ್ತಾದ ಪಟ್ಟನ್ನು ಬಚ್ಚಿಟ್ಟಿದ್ದ. ಇಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ. ಆಟದ ಪೆಟ್ಟಿಗೆ ತೆರೆದ ದಿನದಿಂದ ಹನ್ನೆರಡು ಪಟ್ಟುಗಳೂ ಎಲ್ಲರ ಕಣ್ಣಿಗೆ ಕಾಣುವಂತಿವೆ, ಎಲ್ಲರ ಕೈಗೂ ಸಿಗುವಂತಿವೆ.

ನನ್ನ ಎದುರು ಪಕ್ಷದವರಿಗೆ ಇತಿಹಾಸದ ಬಲ ಸ್ವಲ್ಪ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಇದೇ ಆಟದ ಹಿಂದಿನ ಆವೃತ್ತಿ, 2014ರದು, ಬಹುತೇಕ ಎಲ್ಲ ಪಾತ್ರಗಳಿಗೂ ಹೀಗೆಯೇ ಮೂರು ಮೂರು ಪಟ್ಟುಗಳ ಆಯ್ಕೆ ಕೊಟ್ಟಿತ್ತು. ಆದರೆ ಅವು ಮೊದಲೇ ಕೈಗೆ ಸಿಗುತ್ತಿರಲಿಲ್ಲ. ಗಂಟೆಗಟ್ಟಲೆ ಆಡಿ, ಅದೃಷ್ಟವಿದ್ದಂತೆ ಒಂದೊಂದಾಗಿ ಗಳಿಸಬೇಕಿತ್ತು. ಒಂದು ಪಂದ್ಯಾವಳಿಗೆ ಐವತ್ತು ಕನ್ಸೋಲ್ ಬೇಕೆಂದರೆ ಐವತ್ತರಲ್ಲೂ ಆ ಗಳಿಕೆ ನಡೆದಿರಬೇಕು. ನಂತರ ಹಣಕೊಟ್ಟು ಕೊಳ್ಳಬೇಕಾಗಿ ಬಂದ ಹೊಸ ಪಾತ್ರಗಳಿಗೆ ಈ ಆಯ್ಕೆಯೇ ಇರಲಿಲ್ಲ. ಕೆಲವು ಪಟ್ಟುಗಳಂತೂ ಆಟವನ್ನು ಎಳೆದು ಎಳೆದು ಸಾಯಿಸುವಂಥವು. ಆದರೂ 2015ರ ಜುಲೈಯಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಇವೋ ಪಂದ್ಯಾವಳಿ, ಕಾಳಗದ ಆಟಗಳ ಪಾಲಿಗೆ ಅದೇ ದೊಡ್ಡ ಜಾತ್ರೆ, ಐಚ್ಛಿಕ ಪಟ್ಟುಗಳಿಗೆ ಬಾಗಿಲು ತೆರೆಯಿತು. ಸುಮಾರು 1,900 ಆಟಗಾರರು ಬಂದರು. ಗೆದ್ದವನು ಅದಕ್ಕೆ ಮುಂಚೆಯೂ ಸತತವಾಗಿ ಗೆಲ್ಲುತ್ತಿದ್ದ ಚಿಲಿ ದೇಶದ ಆಟಗಾರನೇ. ಆಕಾಶ ಕಳಚಿ ಬೀಳಲಿಲ್ಲ. ಆದರೂ ಆಮೇಲೆ ಪಂದ್ಯಾವಳಿಗಳು ಒಂದೊಂದಾಗಿ ಆ ಪಟ್ಟುಗಳನ್ನು ಕೈಬಿಟ್ಟವು. ಕೈಬಿಡಲು ಕಾರಣಗಳಿದ್ದವೆಂದು ನಾನೂ ಒಪ್ಪುತ್ತೇನೆ: ಗಳಿಕೆಯ ಗೋಳು ನಿಜ, ಅಸಮತೆಯೂ ನಿಜ.

ಆದರೆ ಆ ಕಾರಣಗಳಲ್ಲಿ ಇಂದು ಉಳಿದಿರುವುದೆಷ್ಟು? ಹೊಸ ಆವೃತ್ತಿಯಲ್ಲಿ ಗಳಿಸುವ ಪ್ರಶ್ನೆಯೇ ಇಲ್ಲ. ಮೀಯ ಹನ್ನೆರಡು ಪಟ್ಟುಗಳೂ ಮೊದಲ ದಿನದಿಂದಲೇ ಲಭ್ಯ. ಹಳೆಯದರಲ್ಲಿ ಮೀಯ ಎತ್ತರ, ತೂಕ ಬದಲಿಸಿದರೆ ಬಲ ಮತ್ತು ವೇಗ ಬದಲಾಗುತ್ತಿದ್ದವು. ಹೊಸದರಲ್ಲಿ ಅದನ್ನೂ ತೆಗೆದುಹಾಕಿದ್ದಾರೆ. ಆಟ ಕಟ್ಟಿದ ಮಸಾಹಿರೊ ಸಕುರಾಯಿ ಮತ್ತವರ ತಂಡ ಉಳಿದ ಪಾತ್ರಗಳಿಂದ ಆಯ್ಕೆಯನ್ನು ಹಿಂದಕ್ಕೆ ಪಡೆದು, ಮೂರಕ್ಕೆ ಮಾತ್ರ ಉಳಿಸಿದ್ದು ಕಣ್ಣುಮುಚ್ಚಿ ಮಾಡಿದ ಕೆಲಸವಲ್ಲ. ಕಾಯಿಲೆ ಹೋದರೂ ಪಥ್ಯ ಬಿಡದವರಂತೆ ನಮ್ಮ ಆಯೋಜಕರು 2015ರ ಔಷಧವನ್ನು ಈಗಲೂ ಅರೆಯುತ್ತಿದ್ದಾರೆ. ಹೊರದೇಶದ ಬಹುಪಾಲು ಪಂದ್ಯಾವಳಿಗಳು ಈ ಪಥ್ಯವನ್ನು ಎಂದೋ ಬಿಟ್ಟವು.

ಐಚ್ಛಿಕ ಪಟ್ಟು ಸ್ಪರ್ಧೆಗೆ ಹೊರಗಿನದು, ಶುದ್ಧ ಆಟಕ್ಕೆ ಕಲಬೆರಕೆ ಎನ್ನುವವರಿಗೆ ಒಂದು ದೃಶ್ಯವನ್ನು ನೆನಪಿಸಬೇಕು. ಅವರೇ ಅದನ್ನು ನೂರು ಸಲ ನೋಡಿರುತ್ತಾರೆ. 2004, ಕ್ಯಾಲಿಫೋರ್ನಿಯಾದ ಪೊಮೋನ, ಇವೋ ಪಂದ್ಯಾವಳಿ. ಸ್ಟ್ರೀಟ್ ಫೈಟರ್ ಮೂರನೆಯ ಆವೃತ್ತಿಯ 'ಥರ್ಡ್ ಸ್ಟ್ರೈಕ್'. ಜಪಾನಿನ ಡೈಗೊ ಉಮೆಹಾರನ ಕೆನ್ ಪಾತ್ರಕ್ಕೆ ಉಳಿದಿರುವ ಪ್ರಾಣ ಕೂದಲೆಳೆಯಷ್ಟು, ತಡೆದುಕೊಂಡರೂ ಸಾಯುವಷ್ಟು. ಅಮೆರಿಕದ ಜಸ್ಟಿನ್ ವಾಂಗನ ಚುನ್‌ಲಿ ತನ್ನ ಮಹಾಪಟ್ಟನ್ನು ಹೂಡುತ್ತಾಳೆ, ಒದೆತಗಳ ಸುರಿಮಳೆ. ಉಮೆಹಾರ ಹದಿನೈದು ಒದೆತಗಳನ್ನು ಒಂದೊಂದಾಗಿ, ಕ್ಷಣದ ಭಿನ್ನಾಂಶದಲ್ಲಿ ತಳ್ಳಿಹಾಕಿ, ಎದ್ದು ತನ್ನ ಮಹಾಪಟ್ಟಿನಿಂದ ಆ ಸುತ್ತನ್ನು ಮುಗಿಸುತ್ತಾನೆ. ಹಿನ್ನೆಲೆಯಲ್ಲಿ ಜನರ ಕೂಗು ಕೇಳಿದರೆ ಇಂದಿಗೂ ಮೈ ನವಿರೇಳುತ್ತದೆ. (ಆ ಪಂದ್ಯಾವಳಿಯನ್ನು ಕೊನೆಗೆ ಉಮೆಹಾರ ಗೆಲ್ಲಲಿಲ್ಲ ಎಂಬುದನ್ನು ಜನ ಮರೆತೇಬಿಟ್ಟಿದ್ದಾರೆ, ನೆನಪು ಕೂಡ ತನ್ನ ಪಟ್ಟನ್ನು ತಾನೇ ಆರಿಸಿಕೊಳ್ಳುತ್ತದೆ.) ಆ ಆಟದಲ್ಲಿ ಪಾತ್ರವನ್ನು ಆರಿಸಿದ ಮೇಲೆ ಮೂರು ಮಹಾಪಟ್ಟುಗಳಲ್ಲಿ ಒಂದನ್ನು ಆರಿಸಿಯೇ ಅಖಾಡಕ್ಕೆ ಇಳಿಯಬೇಕು. ಚುನ್‌ಲಿಯ ಆ ಒದೆತದ ಮಳೆ ಅವಳ ಎರಡನೆಯ ಆಯ್ಕೆ. ಕೆನ್ ಹೊಡೆದ ಕೊನೆಯ ಪೆಟ್ಟು ಅವನ ಮೂರನೆಯ ಆಯ್ಕೆ. ಎಲ್ಲರೂ ಮೊದಲನೆಯದನ್ನೇ ಆಡಬೇಕೆಂದು ಅಂದಿನ ಆಯೋಜಕರು ಬಾಗಿಲಲ್ಲಿ ನಿಂತು ಹೇಳಿದ್ದರೆ, ಕಾಳಗದ ಆಟಗಳ ಚರಿತ್ರೆಯ ಅತಿ ಪ್ರಸಿದ್ಧ ನಿಮಿಷ ಹುಟ್ಟುತ್ತಲೇ ಇರಲಿಲ್ಲ.

2019ರಲ್ಲಿ ಬಂದ ಮಾರ್ಟಲ್ ಕಾಂಬ್ಯಾಟ್ ಹನ್ನೊಂದನೆಯ ಆವೃತ್ತಿಯ ಕತೆಯೂ ಇಲ್ಲಿಗೆ ಸಲ್ಲುತ್ತದೆ. ಪಾತ್ರದ ಪಟ್ಟುಗಳನ್ನು ಆಟಗಾರನೇ ಜೋಡಿಸಿಕೊಳ್ಳುವುದು ಅದರ ಹೆಗ್ಗಳಿಕೆಯಾಗಿತ್ತು. ಸ್ಪರ್ಧೆಯಲ್ಲಿ ಮಾತ್ರ ತಯಾರಕರೇ ಕಟ್ಟಿಕೊಟ್ಟ ಜೋಡಣೆಗಳನ್ನು ಆಡಬೇಕೆಂದರು. ಆಟಗಾರರು ಗೊಣಗಿದರು, 2020ರಲ್ಲಿ ಬಾಗಿಲು ತೆರೆಯಿತು. ಇಲ್ಲಿ ಹೆಚ್ಚು ಹೇಳುವುದು ಏನೂ ಇಲ್ಲ.

ಈಗ ನಿಷೇಧದ ಪರವಾದ ಅತ್ಯುತ್ತಮ ವಾದ. ಅದನ್ನು ನನಗೆ ಹೇಳಿದವರು ಗಚ್ಚಿಬೌಲಿ ಕಡೆ ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸುವ ಕನ್ನಡದ ಗೆಳೆಯರೊಬ್ಬರು. ಪುಲ್ಲೇಲ ಗೋಪಿಚಂದ್ ಅಕಾಡೆಮಿ ಇರುವ ಪ್ರದೇಶವದು. ಸೈನಾ, ಸಿಂಧು ಬೆಳೆದು ಒಲಿಂಪಿಕ್ ಪದಕ ತಂದ ಮೇಲೆ ಅಲ್ಲಿ ಬೆಳಗಿನ ಐದಕ್ಕೇ ರ‍್ಯಾಕೆಟ್ ಚೀಲ ಹೊತ್ತ ಮಕ್ಕಳು ರಸ್ತೆಯಲ್ಲಿ ಕಾಣುತ್ತಾರೆ. ಗೆಳೆಯರು ಕೇಳಿದರು: "ತಿರುಗು ಸರ್ವ್ ಗೊತ್ತಲ್ಲ? ಅದನ್ನು ನಿಷೇಧಿಸಲಿಲ್ಲವೇ? ಅದೂ ಐಚ್ಛಿಕವೇ ಆಗಿತ್ತು, ಎಲ್ಲರೂ ಕಲಿಯಬಹುದಾಗಿತ್ತು."

ನಿಜ. 2023ರ ಮಾರ್ಚ್‌ನಲ್ಲಿ ಪೋಲೆಂಡಿನ ಪಂದ್ಯಾವಳಿಯೊಂದರಲ್ಲಿ ಡೆನ್ಮಾರ್ಕಿನ ಮಾರ್ಕುಸ್ ರಿಂಡ್ಸ್‌ಹೊಯ್ ಎಂಬ ಡಬಲ್ಸ್ ಆಟಗಾರ ಗರಿಚೆಂಡನ್ನು ಬೆರಳುಗಳಿಂದ ತಿರುಗಿಸಿ ಬಿಟ್ಟು ಸರ್ವ್ ಮಾಡತೊಡಗಿದ. ಚೆಂಡು ಗಾಳಿಯಲ್ಲಿ ಹೊಯ್ದಾಡುತ್ತಿತ್ತು. ಎದುರಿನವರಿಗೆ ಎಲ್ಲಿ ಹೊಡೆಯಬೇಕೆಂದೇ ತಿಳಿಯುತ್ತಿರಲಿಲ್ಲ. ದೃಶ್ಯ ಲೋಕವೆಲ್ಲ ಹರಡಿತು. ಮೇ ತಿಂಗಳಲ್ಲಿ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ಅದನ್ನು ತಾತ್ಕಾಲಿಕವಾಗಿ ತಡೆಯಿತು. ಆಮೇಲೆ ತಡೆಯನ್ನು ಪ್ಯಾರಿಸ್ ಒಲಿಂಪಿಕ್ ಮುಗಿಯುವವರೆಗೆ ಮುಂದುವರಿಸಿತು. ಇದಕ್ಕೆ ಹಿಂದೆ, 1980ರ ದಶಕದ ಆರಂಭದಲ್ಲಿ ಮಲೇಷ್ಯಾದ ಸಿಡೆಕ್ ಸೋದರರು ಗರಿಗೆ ಮೊದಲು ಹೊಡೆದು ಚೆಂಡನ್ನು ಓಲಾಡಿಸುವ ಸರ್ವ್ ತಂದಾಗಲೂ ಹೀಗೆಯೇ ಆಗಿತ್ತು. ರ‍್ಯಾಕೆಟ್ ಮೊದಲು ಚೆಂಡಿನ ಬುಡಕ್ಕೇ ತಾಗಬೇಕೆಂಬ ನಿಯಮದ ಹಿಂದೆ ಆ ಜಗಳವಿದೆ.

ಗೆಳೆಯರ ಉದಾಹರಣೆಯನ್ನು ನಾನು ತಳ್ಳಿಹಾಕುವುದಿಲ್ಲ. ಅದನ್ನು ನನ್ನ ಪಕ್ಷಕ್ಕೇ ಕರೆದುಕೊಳ್ಳುತ್ತೇನೆ. ಫೆಡರೇಷನ್ ಮಾಡಿದ್ದೇನು? ಒಂದು ಕ್ರಿಯೆಯನ್ನು, ಅದು ಆಡಿದ್ದನ್ನು ಕಂಡ ಮೇಲೆ, ಹೆಸರು ಹಿಡಿದು, ಕಾಲಮಿತಿ ಹಾಕಿ, ಕಾರಣ ಕೊಟ್ಟು ತಡೆಯಿತು. "ತರಬೇತಿ ಪುಸ್ತಕದ ಮೊದಲನೆಯ ಪುಟದಲ್ಲಿರುವ ಸರ್ವ್ ಒಂದನ್ನೇ ಮಾಡಿ, ಉಳಿದುದೆಲ್ಲ ನಿಷಿದ್ಧ" ಎಂದು ಹೇಳಲಿಲ್ಲ. ನಮ್ಮ ಸಭಾಂಗಣದ 1111 ಹೇಳುವುದು ಅದನ್ನೇ. ಇನ್ನೂ ಒಂದು ಭೇದವಿದೆ, ಅದೇ ಮುಖ್ಯ. ಸರ್ವ್ ಎಂಬುದು ಎದುರಾಳಿ ತಡೆಯಲಾಗದ ಏಕೈಕ ಹೊಡೆತ. ಉಳಿದ ಎಲ್ಲ ಹೊಡೆತಗಳನ್ನೂ ಅವನ ಹಿಂದಿನ ಹೊಡೆತ ರೂಪಿಸುತ್ತದೆ. ಸರ್ವಿಗೆ ಹಿಂದಿನದು ಇಲ್ಲ. ಆದ್ದರಿಂದಲೇ 2018ರಿಂದ ಅದರ ಎತ್ತರಕ್ಕೂ 1.15 ಮೀಟರಿನ ಮಿತಿ ಬಂದಿತು. ಅದಕ್ಕೆ ಮುಂಚೆ ಅಂಪೈರು ಆಟಗಾರನ ಕೊನೆಯ ಪಕ್ಕೆಲುಬು ಎಲ್ಲಿದೆಯೆಂದು ಊಹಿಸಬೇಕಿತ್ತು. ಅಂಥ ಹೊಡೆತವೇ ಅಂಕವನ್ನು ಮುಗಿಸುವುದಾದರೆ ಆಟ ಉಳಿಯುವುದಿಲ್ಲ. ಮೀಯ ಪಟ್ಟು ಹಾಗಲ್ಲ. ಅದನ್ನು ತಡೆಯಬಹುದು, ತಪ್ಪಿಸಬಹುದು, ಹೂಡುವ ಮುನ್ನವೇ ಮುರಿಯಬಹುದು. ತಡೆಯಲಾಗದ ಒಂದು ಪಟ್ಟು ಆ ಇಪ್ಪತ್ನಾಲ್ಕರಲ್ಲಿ ಇದೆಯೆಂದು ಯಾರಾದರೂ ತೋರಿಸಿದರೆ, ಆ ಒಂದನ್ನು ನಿಷೇಧಿಸಿ ಎಂದು ನಾನೇ ಅರ್ಜಿ ಬರೆದುಕೊಡುತ್ತೇನೆ.

ಕಾಳಗದ ಆಟದವರಿಗೆ ಈ ವಿವೇಕ ಇಲ್ಲದೆಯೂ ಇಲ್ಲ. 1994ರ ಸೂಪರ್ ಸ್ಟ್ರೀಟ್ ಫೈಟರ್ ಟರ್ಬೊದಲ್ಲಿ ಗೌಕಿ ಎಂಬ ಗುಪ್ತ ಪಾತ್ರವಿತ್ತು; ಅಮೆರಿಕದಲ್ಲಿ ಅವನ ಹೆಸರು ಅಕುಮ. ಗಾಳಿಯಲ್ಲಿ ಹಾರುತ್ತ ಬೆಂಕಿ ಎಸೆಯುವ ಅವನ ಮುಂದೆ ಬೇರೆ ಪಾತ್ರಗಳಿಗೆ ಉಸಿರಾಡಲೂ ಎಡೆಯಿಲ್ಲ. ಅಮೆರಿಕದವರು ಬರೆದು ನಿಷೇಧಿಸಿದರು. ಜಪಾನಿನವರು ಬರೆಯದೆಯೇ, ಅವನನ್ನು ಆರಿಸುವುದು ಮರ್ಯಾದೆಯಲ್ಲವೆಂದು ತಮ್ಮೊಳಗೇ ಒಪ್ಪಿಕೊಂಡರು. ಎರಡೂ ನನಗೆ ಒಪ್ಪಿಗೆ. ಎರಡರಲ್ಲೂ ಮೊದಲು ಆಡಿ ನೋಡಿದ್ದಾರೆ. ಆಮೇಲೆ ತೀರ್ಪು ಕೊಟ್ಟಿದ್ದಾರೆ. ನಮ್ಮಲ್ಲಿ ತೀರ್ಪು ಮೊದಲು. ಆಟ ನಡೆಯಲೇ ಇಲ್ಲ.

ಹಾಗಾದರೆ ಈ ನಿಯಮದ ಹುಟ್ಟು ಎಲ್ಲಿ? ನಮ್ಮ ಹುಡುಗ ಸಿಟ್ಟು ಇಳಿದ ಮೇಲೆ ಹೇಳಿದ್ದು ಇದು. ನಿಂಟೆಂಡೋ ತನ್ನ ಸ್ವಿಚ್ ಕನ್ಸೋಲನ್ನು ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಇಲ್ಲಿರುವುದೆಲ್ಲ ದುಬೈಯಿಂದಲೋ ಸಿಂಗಪುರದಿಂದಲೋ ಯಾರದೋ ಸೂಟ್‌ಕೇಸಿನಲ್ಲಿ ಬಂದದ್ದು, ಇಲ್ಲವೇ ಆಮದಿನ ಅಂಗಡಿಯಲ್ಲಿ ಹೆಚ್ಚಿನ ಬೆಲೆಗೆ ಕೊಂಡದ್ದು. ಆದ್ದರಿಂದ ಪಂದ್ಯಾವಳಿಯ ಕನ್ಸೋಲ್‌ಗಳು ಆಟಗಾರರೇ ಮನೆಯಿಂದ ಹೊತ್ತು ತಂದವು. ಮೀ ಪಾತ್ರವನ್ನು ಪ್ರತಿ ಕನ್ಸೋಲಿನಲ್ಲೂ ಹೊಸದಾಗಿ ಸೃಷ್ಟಿಸಿ ಪಟ್ಟು ಜೋಡಿಸಬೇಕು. ಒಂದಕ್ಕೆ ಎರಡು ನಿಮಿಷ ಎಂದಿಟ್ಟುಕೊಳ್ಳಿ. ಸಭಾಂಗಣದ ಬಾಡಿಗೆ ಗಂಟೆಯ ಲೆಕ್ಕದಲ್ಲಿದೆ. ಸಂಜೆ ಏಳಕ್ಕೆ ಖಾಲಿ ಮಾಡಬೇಕು. ಆಯೋಜಕರೂ ಸಂಬಳವಿಲ್ಲದೆ ದುಡಿಯುವ ಹುಡುಗರೇ. ಅವರಿಗೆ ಪುರುಸೊತ್ತಿಲ್ಲ. ಇದು ಅರ್ಥವಾಗುವ ಕಾರಣ, ಮಾನವಾದ ಕಾರಣ. "ನಮಗೆ ಸಮಯವಿಲ್ಲಪ್ಪಾ" ಎಂದಿದ್ದರೆ ನಮ್ಮ ಹುಡುಗ ಬೆಳಿಗ್ಗೆ ಒಂದು ಗಂಟೆ ಮೊದಲೇ ಹೋಗಿ ತಾನೇ ಎಲ್ಲ ಕನ್ಸೋಲ್‌ಗಳಲ್ಲೂ ಮೀಗಳನ್ನು ಕೂರಿಸಿಕೊಡುತ್ತಿದ್ದ. ಆದರೆ ಅವರು ಹಾಗೆ ಹೇಳಲಿಲ್ಲ. ಸಮಾನತೆ ಎಂದರು. ಅನುಕೂಲದ ಮಾತಿಗೆ ಉತ್ತರವುಂಟು, ಪರಿಹಾರವುಂಟು. ನ್ಯಾಯದ ವೇಷ ತೊಟ್ಟ ಅನುಕೂಲಕ್ಕೆ ಎದುರಾಡಿದವನು ಅನ್ಯಾಯಗಾರನಾಗಿಬಿಡುತ್ತಾನೆ.

ಹೊರನಾಡಿನಲ್ಲಿರುವ ನಮಗೆ 'ಐಚ್ಛಿಕ' ಎಂಬ ಶಬ್ದ ಎಷ್ಟು ಹಳೆಯ ಗಾಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಮಗಳು ಓದುತ್ತಿದ್ದ ಶಾಲೆಯಲ್ಲಿ ಕನ್ನಡ ಐಚ್ಛಿಕ ವಿಷಯವಾಗಿತ್ತು. ಒಂದು ವರ್ಷ ಅದನ್ನು ತೆಗೆದುಹಾಕಿದರು. ತರಗತಿಯಲ್ಲಿ ಇದ್ದದ್ದು ಐದೇ ಮಕ್ಕಳು, ಶಿಕ್ಷಕಿ ಬಿಟ್ಟುಹೋಗಿದ್ದರು, ವೇಳಾಪಟ್ಟಿಯಲ್ಲಿ ಜಾಗವಿರಲಿಲ್ಲ. ಇವೆಲ್ಲ ನನಗೆ ಗೊತ್ತಿತ್ತು. ಆದರೆ ನಮಗೆ ಬಂದ ಪತ್ರದಲ್ಲಿ ಇದ್ದದ್ದು, ಎಲ್ಲ ಮಕ್ಕಳೂ ಸಮಾನ ನೆಲೆಯಲ್ಲಿ ಸ್ಪರ್ಧಿಸಲಿ ಎಂಬ ಸದುದ್ದೇಶ. ಅಂದು ನಾನು ಸುಮ್ಮನಿದ್ದೆ. ಆಟದ ವಿಷಯಕ್ಕೆ ಇಂದು ಇಷ್ಟು ದನಿಯೆತ್ತುತ್ತಿರುವುದರ ಹಿಂದೆ ಆ ಮೌನದ ಬಡ್ಡಿಯೂ ಸೇರಿರಬಹುದು, ಇಲ್ಲವೆನ್ನಲಾರೆ.

ನಿಯಮವನ್ನು ಯಾವಾಗ ಹೇಳಿದರು ಎಂಬುದೂ ನನಗೆ ನಿಯಮದಷ್ಟೇ ಮುಖ್ಯ. ನಾವಿರುವ ಊರಿನಿಂದ ಸುಮಾರು 150 ಕಿಲೋಮೀಟರ್ ದೂರದ ವೇಮುಲವಾಡದಲ್ಲಿ ಕುಳಿತು ಪಂಪ ಭಾರತ ಬರೆದ. ಅವನ ನಂತರ ರನ್ನ ಇಡೀ ಭಾರತವನ್ನು ಒಂದು ಗದಾಯುದ್ಧದಿಂದ ಹಿಂತಿರುಗಿ ನೋಡಿದ. ಹಾಗಾಗಿ ಕಾಳಗದ ನಿಯಮದ ಬಗ್ಗೆ ಕನ್ನಡದವರು ಮಾತನಾಡಿದರೆ ಅಧಿಕಪ್ರಸಂಗವಾಗದು. ಭೀಮ ತೊಡೆಗೆ ಹೊಡೆದದ್ದು ಅಧರ್ಮವೆಂದು ಬಲರಾಮ ನೇಗಿಲೆತ್ತಿ ನಿಂತ. ಏಕೆ? ನಾಭಿಯ ಕೆಳಗೆ ಹೊಡೆಯಬಾರದೆಂಬುದು ಇಬ್ಬರಿಗೂ ಮೊದಲೇ ಗೊತ್ತಿದ್ದ ಗದಾಯುದ್ಧದ ಕಟ್ಟಳೆ. ಇಬ್ಬರೂ ಅದೇ ಬಲರಾಮನ ಬಳಿ ಕಲಿತವರು. ಅಲ್ಲಿ ದೂರು ಕಟ್ಟಳೆಯನ್ನು ಮುರಿದದ್ದರ ಬಗ್ಗೆ. ಹದಿಮೂರು ವರ್ಷ ಕಬ್ಬಿಣದ ಭೀಮನ ಪ್ರತಿಮೆಗೆ ಗದೆ ಬೀಸಿ ಅಭ್ಯಾಸ ಮಾಡಿದ ದುರ್ಯೋಧನನಿಗೆ ವೈಶಂಪಾಯನ ಸರೋವರದ ದಡದಲ್ಲಿ, "ಈ ಹೊತ್ತು ಎಡಗೈಯಲ್ಲಿ ಮಾತ್ರ ಆಡಬೇಕು" ಎಂದು ಯಾರೂ ಹೇಳಲಿಲ್ಲ. ಶತ್ರುಗಳೂ ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದರು.

ನನ್ನ ಬೇಡಿಕೆ ದೊಡ್ಡದೇನಲ್ಲ. ಪಟ್ಟು ಇಬ್ಬರಿಗೂ ಖರ್ಚಿಲ್ಲದೆ ಸಿಗುವಂತಿದೆಯೆ ಎಂದು ನೋಡಿ. ಹಣ ತೆತ್ತವನಿಗೆ ಮಾತ್ರ ಸಿಗುವುದಾದರೆ ಹೊರಗಿಡಿ, ನಾನು ನಿಮ್ಮ ಜೊತೆಗಿದ್ದೇನೆ. ಪಂದ್ಯಕ್ಕೆ ಮುಂಚೆ ಆಟಗಾರ ತನ್ನ ನಾಲ್ಕು ಪಟ್ಟುಗಳನ್ನು ಎದುರಾಳಿಗೆ ಬಾಯಿಬಿಟ್ಟು ಹೇಳಲಿ. ಆ ಎದುರಾಳಿಯೊಂದಿಗಿನ ಪಂದ್ಯ ಮುಗಿಯುವವರೆಗೆ ಅದನ್ನು ಬದಲಿಸದಿರಲಿ. ಸೋತ ಮೇಲೆ ಪಾತ್ರವನ್ನೇ ಬದಲಿಸಲು ಬಿಡುವ ನೀವು ಪಟ್ಟು ಬದಲಿಸಲು ಬಿಡದಿರುವುದು ತರ್ಕಕ್ಕೆ ದೂರವೇ, ಆದರೂ ರಾಜಿಗಾಗಿ ಅಷ್ಟನ್ನು ಬಿಟ್ಟುಕೊಡೋಣ. ಮೂರು ಪಂದ್ಯಾವಳಿ ಹೀಗೆ ನಡೆಸಿ. ಯಾವುದಾದರೂ ಪಟ್ಟು ಆಟವನ್ನು ಕೆಡಿಸುತ್ತಿದೆಯೆಂದು ಕಂಡರೆ ಅದರ ಹೆಸರು ಬರೆದು, ಕಾರಣ ಬರೆದು, ಒಂದು ತಿಂಗಳು ಮೊದಲೇ ತಿಳಿಸಿ ತೆಗೆದುಹಾಕಿ.

ಇಷ್ಟನ್ನೂ ಒಂದು ಕಾಗದದಲ್ಲಿ ಇಂಗ್ಲಿಷಿಗೆ ತಿರುಗಿಸಿ ಬರೆದು ಹುಡುಗನ ಕೈಯಲ್ಲಿ ಕಳಿಸಿದ್ದೇನೆ. ಓದಿದವನು, "ಮಾಮಾ, ಬಲರಾಮನ್ನ ತಗದುಬಿಡ್ತೀನಿ, ಅವರಿಗೆ ತಿಳಿಯಂಗಿಲ್ಲ" ಎಂದ. ತೆಗೆಯಲಿ. ಮುಂದಿನ ಪಂದ್ಯಾವಳಿ ಸಂಕ್ರಾಂತಿಯ ರಜೆಯಲ್ಲಂತೆ. ನಿಯಮ ಇನ್ನೂ ಹೊರಬಿದ್ದಿಲ್ಲ. ರಾತ್ರಿ ಹತ್ತಾದರೆ ಮೇಲಿನ ಕೋಣೆಯಲ್ಲಿ ಗುಂಡಿಗಳ ಸದ್ದು ಮತ್ತೆ ಶುರುವಾಗುತ್ತದೆ. ಯಾವ ಜೋಡಣೆ ಎಂದು ನಾನು ಕೇಳಿಲ್ಲ.